ಅಪ್‌ಗ್ರೇಡ್ ಒತ್ತುವ ಮೊದಲು ಇನ್ನೊಂದು ಪ್ರತಿ ಇರಲಿ

ಹುಣಸೂರಿನಲ್ಲಿ ಕಂಪ್ಯೂಟರ್ ರಿಪೇರಿ ನನ್ನ ಕಸುಬು. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯಿಂದಲೂ ಫೋನು ಬರುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತ ಮೇಲೆ ಎಲ್ಲರದೂ ಒಂದೇ ಪ್ರಶ್ನೆ: "ಅಣ್ಣ, ಹನ್ನೊಂದಕ್ಕೆ ಹೋಗು ಅಂತದೆ, ಒತ್ಬಿಡ್ಲಾ?"

ಭದ್ರತೆಯ ಅಪ್‌ಡೇಟ್ ಬಾರದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಅಪಾಯವೇ, ಹಾಗಾಗಿ ಹೊಸದಕ್ಕೆ ಹೋಗಲೇಬೇಕು. ನನ್ನ ತಕರಾರಿರುವುದು ಕಡತಗಳ ಇನ್ನೊಂದು ಪ್ರತಿ ಇಟ್ಟುಕೊಳ್ಳದೆ ಹಳೆಯ ವಿಂಡೋಸಿನ ಮೇಲೆಯೇ ಹೊಸದನ್ನು ಹಾಕುವ ಅವಸರದ ಬಗ್ಗೆ. ಕಡತಗಳು ಹಾಗೇ ಉಳಿಯುತ್ತವೆ ಎಂದು ಪರದೆ ಭರವಸೆ ಕೊಡುತ್ತದೆ. ಬಹಳ ಸಲ ಉಳಿಯುತ್ತವೆ ಕೂಡ. ಆದರೆ 2018ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ 1809 ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರನ್ನೇ ಅಳಿಸಿಹಾಕಿತು. ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ಅದರ ವಿತರಣೆ ನಿಲ್ಲಿಸಬೇಕಾಯಿತು. ಮಾಡಿದ ಕಂಪನಿಗೇ ಮೊದಲು ಕಾಣದೇ ಹೋದದ್ದು ತಾಲ್ಲೂಕು ಕಚೇರಿ ಮುಂದೆ ಅರ್ಜಿ ಟೈಪು ಮಾಡುವವರಿಗೆ ಹೇಗೆ ಗೊತ್ತಾಗಬೇಕು?

ನಮ್ಮ ಕಡೆಯ ಯಂತ್ರಗಳಲ್ಲಿ ಇನ್ನೂ ಒಂದು ತೊಡಕಿದೆ. ಪತ್ರ ಬರೆಯುವವರ ಕ್ರಯಪತ್ರದ ನಮೂನೆಗಳು, ಸಹಕಾರ ಸಂಘಗಳ ನಡಾವಳಿ, ಪ್ರೆಸ್ಸಿನವರ ಲಗ್ನಪತ್ರಿಕೆ, ಹೆಚ್ಚಿನವೆಲ್ಲ ಹಳೆಯ 'ನುಡಿ' ತಂತ್ರಾಂಶದಲ್ಲಿ ಟೈಪಾದವು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟು ಅದರದು. ಫಾಂಟು ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ತಲೆಬುಡವಿಲ್ಲದ ಗುರುತುಗಳು ಕಾಣುತ್ತವೆ. ಎಷ್ಟೋ ಜನ ಕಡತ ಹಾಳಾಗಿದೆ ಎಂದುಕೊಂಡು ಆ ಹೊತ್ತಿಗೇ ಅಳಿಸಿಬಿಡುತ್ತಾರೆ. ಎಷ್ಟೋ ಹಳೆಯ ಯಂತ್ರಗಳಲ್ಲಿರುವುದು 32 ಬಿಟ್ ವಿಂಡೋಸ್. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ, ಆದ್ದರಿಂದ ಅಲ್ಲಿ ಮೇಲೆ ಹಾಕುವ ದಾರಿಯೇ ಇಲ್ಲ, ಹೊಸದಾಗಿಯೇ ಹಾಕಬೇಕು. ಆಗ ನುಡಿ, ಪೇಜ್‌ಮೇಕರ್, ಹಳೆಯ ಪ್ರಿಂಟರಿನ ಡ್ರೈವರ್ ಎಲ್ಲವನ್ನೂ ಮತ್ತೆ ಹುಡುಕಬೇಕು. ಸಿಗುತ್ತವೆ, ಹೊಸದರಲ್ಲಿ ಓಡುತ್ತವೆ ಎಂಬ ಖಾತರಿ ಇಲ್ಲ.

ಹಳೆಯ ಯಂತ್ರ ನಡೆಯುತ್ತಿರುವಾಗಲೇ ಮುಖ್ಯವಾದ ಕನ್ನಡ ಕಡತಗಳನ್ನು, ನುಡಿಯ ಫಾಂಟು ಇಲ್ಲದೆಯೂ ಓದಬಹುದಾದ ಯೂನಿಕೋಡ್‌ಗೆ ಪರಿವರ್ತಿಸಿ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಒತ್ತಕ್ಷರ ಅಲ್ಲಲ್ಲಿ ತಪ್ಪುವುದುಂಟು, ಸರ್ವೆ ನಂಬರು, ಹೆಸರು, ಮೊತ್ತ ಇರುವ ಸಾಲುಗಳನ್ನು ಕಣ್ಣಿಟ್ಟು ಓದಿ. ಆಮೇಲೆ ಎಲ್ಲವನ್ನೂ ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಕಾಗದದಲ್ಲಿ ಬರೆದಿಡಿ. ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ ಎಂಬ ಭದ್ರತಾ ಚಿಪ್ಪಿನ ಸೆಟ್ಟಿಂಗನ್ನು ಬಯೋಸ್‌ನಲ್ಲಿ ಮುಟ್ಟಿದರೆ ಯಂತ್ರ ಆ ಕೀಯನ್ನು ಕೇಳುವ ಸಾಧ್ಯತೆ ಇದೆ.

ಕಾಲವೂ ಮುಖ್ಯ. ಕಟ್ಟೆಮಳಲವಾಡಿ, ಕಗ್ಗುಂಡಿಯಲ್ಲಿ ಹೊಗೆಸೊಪ್ಪಿನ ಹರಾಜು ನಡೆಯುವ ದಿನಗಳಲ್ಲಿ, ಕೆ.ಆರ್. ನಗರದ ಮಿಲ್ಲುಗಳಿಗೆ ಭತ್ತ ಬರುವಾಗ ಲೆಕ್ಕದ ಯಂತ್ರವನ್ನು ಮುಟ್ಟಬೇಡಿ. ಹೊಗೆಸೊಪ್ಪಿನ ಎಲೆ ತುಂಬಿ ಒಣಗಿಸಲು ಬೆಂಕಿ ಹಾಕಿದ ಬ್ಯಾರನ್ನಿನ ಪೈಪನ್ನು ಯಾವ ರೈತನೂ ನಡುವೆ ಬಿಚ್ಚುವುದಿಲ್ಲ, ಇದೂ ಹಾಗೆಯೇ. ಮಳೆಗಾಲದಲ್ಲಿ ಎಚ್.ಡಿ. ಕೋಟೆ ಕಡೆ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಬ್ಯಾಟರಿ ಸತ್ತ ಯುಪಿಎಸ್ ನಂಬಿ ಅಪ್‌ಗ್ರೇಡ್ ಶುರು ಮಾಡಬಾರದು. ಸರಿಬರದಿದ್ದರೆ ಹಿಂದಕ್ಕೆ ಹೋಗಲು ವಿಂಡೋಸ್ ಸಾಮಾನ್ಯವಾಗಿ ಕೊಡುವುದು 10 ದಿನ ಮಾತ್ರ. ಅಷ್ಟರೊಳಗೆ ಪ್ರಿಂಟರ್, ಸ್ಕ್ಯಾನರ್, ಡಿಜಿಟಲ್ ಸಹಿಯ ಡಾಂಗಲ್ ಎಲ್ಲವನ್ನೂ ನಡೆಸಿ ನೋಡಬೇಕು.

ಇದಕ್ಕೆಲ್ಲ ಒಂದು ಹಾರ್ಡ್‌ಡಿಸ್ಕು, ಒಂದು ದಿನದ ಬಿಡುವು ಬೇಕು. ಗ್ರಾಮ ಪಂಚಾಯಿತಿ, ಹಾಲಿನ ಸೊಸೈಟಿ, ಶಾಲೆಗಳಲ್ಲಿ ಎರಡನ್ನೂ ಯಾರೂ ಮಂಜೂರು ಮಾಡುವುದಿಲ್ಲ. ಅಪ್‌ಗ್ರೇಡ್ ಮಾಡಿ ಎಂಬ ಸೂಚನೆ ಮಾತ್ರ ಮೇಲಿನಿಂದ ಬರುತ್ತದೆ, ಕಡತ ಹೋದರೆ ಬೈಸಿಕೊಳ್ಳುವುದು ದಿನಗೂಲಿಯ ಡಾಟಾ ಎಂಟ್ರಿ ಹುಡುಗಿ. ಸೂಚನೆ ಕಳುಹಿಸುವವರು ಅದೇ ಪತ್ರದಲ್ಲಿ ಡಿಸ್ಕಿನ ಹಣವನ್ನೂ ಕೆಲಸ ನಿಲ್ಲಿಸುವ ದಿನವನ್ನೂ ನಮೂದಿಸಲಿ. ನಕಲಾಗಿದೆ, ತೆರೆದು ನೋಡಿದ್ದೇನೆ ಎಂದು ಮುಖ್ಯಸ್ಥರೇ ಸಹಿ ಹಾಕಲಿ.