ಹಡಗಿನಲ್ಲಿ ಒಬ್ಬರು ಕುಸಿದಾಗ ನಮ್ಮ ಮೊಬೈಲು ಎಲ್ಲಿರಬೇಕು?



ಹಿರಿಯರ ಹಡಗಿನ ಪ್ರವಾಸದ ಸಚಿತ್ರ ವರದಿ ಎಲ್ಲಿ ಎಂದು ಜತ್ತ, ಅಕ್ಕಲಕೋಟ, ಹೊಸೂರು, ಕಾಸರಗೋಡು ಕಡೆಯ ಸದಸ್ಯರು ಕೇಳುತ್ತಲೇ ಇದ್ದೀರಿ. ವರದಿ ಸಿದ್ಧವಿತ್ತು, ಫೋಟೊಗಳನ್ನೂ ಆರಿಸಿದ್ದೆವು. ಕಾರ್ಯಕಾರಿ ಸಮಿತಿಯಲ್ಲಿ ಚರ್ಚೆಯಾದ ಮೇಲೆ ಅದನ್ನು ಬದಿಗಿಟ್ಟು ಈ ಲೇಖನ ಹಾಕುತ್ತಿದ್ದೇವೆ. ಸಂಬಂಧಪಟ್ಟ ಕುಟುಂಬಕ್ಕೆ ಮೊದಲೇ ಓದಿ ಹೇಳಿ ಒಪ್ಪಿಗೆ ಪಡೆದಿದ್ದೇವೆ. ಹೆಸರು, ಊರು, ಕಾಯಿಲೆ ಈ ಮೂರನ್ನೂ ಬರೆಯಬಾರದೆಂಬುದು ಅವರ ಷರತ್ತು. ಹಡಗಿನ ಹೆಸರು ಬೇಡವೆಂಬುದು ನಮ್ಮ ತೀರ್ಮಾನ, ಏಕೆಂದರೆ ತಪ್ಪು ಹಡಗಿನವರದಲ್ಲ.

ಸಿದ್ಧೇಶ್ವರ ಎಕ್ಸ್‌ಪ್ರೆಸ್‌ನಲ್ಲಿ ಮುಂಬಯಿಗೆ ಹೋಗಿ, ಅಲ್ಲಿಂದ ಗೋವೆಗೆ ಹೊರಟ ಹಡಗು ಹತ್ತಿದವರು ನಾವು ಇಪ್ಪತ್ತೆರಡು ಮಂದಿ. ಮೊದಲ ರಾತ್ರಿಯೇ, ಎಲ್ಲರೂ ತಟ್ಟೆ ಹಿಡಿದು ಊಟದ ಸಾಲಿನಲ್ಲಿ ನಿಂತಿದ್ದಾಗ, ನಮ್ಮ ಗುಂಪಿನ ಒಬ್ಬ ಹಿರಿಯರು ಇದ್ದಲ್ಲೇ ಕುಸಿದರು. ಕ್ಷಣದಲ್ಲಿ ಐವತ್ತು ಜನ ಸುತ್ತುಗಟ್ಟಿದರು. ಒಬ್ಬರು ನೀರು ಕುಡಿಸಿ ಎಂದರು, ಇನ್ನೊಬ್ಬರು ಈರುಳ್ಳಿ ಮೂಸಿಸಿ ಎಂದರು. ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ‘ಆಲ್ಫಾ, ಆಲ್ಫಾ’ ಎಂಬ ಕರೆ ಬಂತು. ವೈದ್ಯರು, ನರ್ಸು, ಸ್ಟ್ರೆಚರ್ ಬರುವ ಹೊತ್ತಿಗೆ ಲಿಫ್ಟಿನ ಮುಂದೆಯೂ ಜನ. ಸಿಬ್ಬಂದಿ ಕೈ ಮುಗಿದು ದಾರಿ ಕೇಳಬೇಕಾಯಿತು.

ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ನಮ್ಮ ಸದಸ್ಯರೊಬ್ಬರು ಇದೆಲ್ಲವನ್ನೂ ಮೊಬೈಲಿನಲ್ಲಿ ಹಿಡಿದರು. ಕೆಟ್ಟ ಬುದ್ಧಿಯಿಂದಲ್ಲ, ಗಾಬರಿಯಲ್ಲಿ. ಮಧ್ಯ ಸಮುದ್ರದಲ್ಲಿ ಫೋನಿನ ಸಿಗ್ನಲ್ ಇರುವುದಿಲ್ಲ, ಹಡಗಿನ ವೈಫೈಗೆ ಬೇರೆ ದುಡ್ಡು ಕೊಡಬೇಕು. ನಮ್ಮಲ್ಲಿ ಕೊಟ್ಟಿದ್ದವರು ಇಬ್ಬರೇ, ಇವರು ಅವರಲ್ಲೊಬ್ಬರು. ‘ನಮ್ಮ ಹಿರಿಯರಿಗೆ ಹೀಗಾಗಿದೆ, ಎಲ್ಲರೂ ಪ್ರಾರ್ಥಿಸಿ’ ಎಂದು ಬರೆದು ಸಂಘದ ವಾಟ್ಸಾಪ್ ಗುಂಪಿಗೆ ವಿಡಿಯೊ ಕಳಿಸಿದರು. ಆ ಗುಂಪಿನಲ್ಲಿ ಕುಸಿದವರ ಮಗಳೂ ಇದ್ದಾರೆ.

ಮಗಳು ತಾಯಿಗೆ ಫೋನು ಹಚ್ಚಿದರೆ ‘ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ’. ನಮಗೆ ಹಚ್ಚಿದರೂ ಅದೇ ಮಾತು. ಹಡಗಿನಿಂದ ವಿಡಿಯೊ ಹೊರಗೆ ಹೋಯಿತು, ಹೊರಗಿನ ಕರೆ ಒಳಗೆ ಬರಲಿಲ್ಲ. ಇಡೀ ರಾತ್ರಿ ಆಕೆ ಆ ನಲವತ್ತು ಸೆಕೆಂಡುಗಳನ್ನೇ ತಿರುತಿರುಗಿ ನೋಡಿದ್ದಾರೆ. ಬೆಳಿಗ್ಗೆ ಕರಾವಳಿಯ ಸಿಗ್ನಲ್ ಸಿಕ್ಕಿದಾಗ ನಮಗೆ ಹೇಳಿದ್ದು ಒಂದೇ ಮಾತು: “ಕಾಕಾ, ಅಪ್ಪ ಬಿದ್ದದ್ದು ನೋಡಿದೆ, ಎದ್ದದ್ದು ಯಾರೂ ತೋರಿಸ್ಲಿಲ್ರಿ.”

ಅಪ್ಪ ಎದ್ದಿದ್ದರು. ರಾತ್ರಿ ಹನ್ನೊಂದಕ್ಕೇ ಮಾತಾಡುವಷ್ಟು ಚೇತರಿಸಿಕೊಂಡಿದ್ದರು. ಆ ಸುದ್ದಿ ಕಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ನಮ್ಮ ಪಾಲಿನ ತಪ್ಪನ್ನೂ ಇಲ್ಲಿಯೇ ದಾಖಲಿಸುತ್ತೇವೆ. ವೈಫೈ ಇದ್ದ ಇನ್ನೊಬ್ಬರು ನಾವೇ. ಗುಂಪಿನ ಅಡ್ಮಿನ್ ಕೂಡ ನಾವೇ. ವಿಡಿಯೊ ಬಂದಾಗ ಅಳಿಸುವ ಅಧಿಕಾರ ಕೈಯಲ್ಲಿತ್ತು. ನಾವು ಮಾಡಿದ್ದು ಕೈ ಮುಗಿದ ಚಿತ್ರವೊಂದನ್ನು ಕೆಳಗೆ ಹಾಕಿದ್ದು. ನಾಲ್ಕು ಗಂಟೆಯ ನಂತರ ಅಳಿಸಿದೆವು. ಅಷ್ಟರಲ್ಲಿ ಅದು ಇನ್ನೆಷ್ಟು ಗುಂಪುಗಳಿಗೆ ಹೋಗಿತ್ತೋ ಲೆಕ್ಕವಿಲ್ಲ. ಮೂವತ್ತೈದು ವರ್ಷ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿದ ನಮಗೆ ಒಬ್ಬರ ಫೈಲು ಇನ್ನೊಬ್ಬರಿಗೆ ತೋರಿಸಬಾರದು ಎಂಬುದು ಮೊದಲ ದಿನವೇ ಕಲಿಸಿದ ಪಾಠ. ಮೊಬೈಲಿಗೆ ಅದು ಅನ್ವಯಿಸುತ್ತದೆ ಎಂದು ಆ ರಾತ್ರಿ ತಿಳಿಯಲಿಲ್ಲ.

ಹಡಗಿನವರು ‘ಆಲ್ಫಾ’ ಎಂದದ್ದೇಕೆ ಎಂದು ಆಮೇಲೆ ವಿಚಾರಿಸಿದೆವು. ಅನೇಕ ಕಂಪನಿಗಳ ಹಡಗುಗಳಲ್ಲಿ ಆಲ್ಫಾ ಎಂದರೆ ವೈದ್ಯಕೀಯ ತುರ್ತು, ಬ್ರಾವೊ ಎಂದರೆ ಬೆಂಕಿ, ಆಸ್ಕರ್ ಎಂದರೆ ಯಾರೋ ನೀರಿಗೆ ಬಿದ್ದಿದ್ದಾರೆ ಎಂದರ್ಥ. ಕಂಪನಿಯಿಂದ ಕಂಪನಿಗೆ ಪದ ಬದಲಾಗುವುದೂ ಉಂಟು. ಎರಡು ಸಾವಿರ ಜನರಿಗೆ ಗಾಬರಿಯಾಗದೆ, ಯಾರಿಗೆ ಕೇಳಬೇಕೋ ಅವರಿಗಷ್ಟೇ ತಿಳಿಯಲಿ ಎಂಬ ಏರ್ಪಾಡು ಇದು. ರೋಗಿಯ ಹೆಸರನ್ನು ಧ್ವನಿವರ್ಧಕದಲ್ಲಿ ಹೇಳದಿರುವ ಮರ್ಯಾದೆಯೂ ಇದರಲ್ಲಿದೆ. ಹಡಗು ಇಷ್ಟು ಎಚ್ಚರ ವಹಿಸಿ ಮುಚ್ಚಿಟ್ಟದ್ದನ್ನು ನಾವು ಒಂದು ಬೆರಳಿನಿಂದ ತೆರೆದುಬಿಟ್ಟೆವು.

ಈ ಪ್ರಶ್ನೆ ಇನ್ನು ನಮ್ಮಂಥವರಿಗೆ ದೂರದ್ದಲ್ಲ. 2024ರ ಸೆಪ್ಟೆಂಬರ್ 30ರಂದು ಕೇಂದ್ರ ಸರ್ಕಾರ ಮುಂಬಯಿಯಲ್ಲಿ ‘ಕ್ರೂಸ್ ಭಾರತ್ ಮಿಷನ್’ ಆರಂಭಿಸಿತು. ಮುಂಬಯಿ, ಗೋವೆ, ನವಮಂಗಳೂರು, ಕೊಚ್ಚಿ ಬಂದರುಗಳು ನಮ್ಮ ಸದಸ್ಯರಿಗೆ ಒಂದು ರಾತ್ರಿಯ ರೈಲಿನ ದಾರಿ. ಹಡಗಿನ ಪ್ರವಾಸಕ್ಕೆ ಹೊರಡುವವರಲ್ಲಿ ನಮ್ಮ ವಯಸ್ಸಿನವರೂ ಕಡಿಮೆಯಿಲ್ಲ. ವಯಸ್ಸಾದವರು, ಬಿಪಿ ಮಾತ್ರೆ, ಹೊಸ ಊಟ, ಅಲೆಯ ಓಲಾಟ ಇವೆಲ್ಲ ಒಂದೆಡೆ ಸೇರಿದರೆ ಯಾರಿಗಾದರೂ ಏನಾದರೂ ಆಗುವುದು ಸಹಜ. ಅಂತರರಾಷ್ಟ್ರೀಯ ನಾವಿಕ ಕಾರ್ಮಿಕ ಒಡಂಬಡಿಕೆಯ ಪ್ರಕಾರ, ನೂರು ಅಥವಾ ಹೆಚ್ಚು ಜನರನ್ನು ಹೊತ್ತು ಮೂರು ದಿನಕ್ಕಿಂತ ಹೆಚ್ಚಿನ ಅಂತರರಾಷ್ಟ್ರೀಯ ಯಾನ ಮಾಡುವ ಹಡಗಿನಲ್ಲಿ ಅರ್ಹ ವೈದ್ಯರು ಇರಲೇಬೇಕು. ಎರಡು ರಾತ್ರಿಯ ದೇಶದೊಳಗಿನ ಯಾನ ಈ ಮಾತಿನೊಳಗೆ ಬರುವುದಿಲ್ಲ. ನಮ್ಮ ಹಡಗಿನಲ್ಲಿ ವೈದ್ಯರಿದ್ದರು, ಸರಿ. ಟಿಕೆಟು ತೆಗೆಯುವಾಗಲೇ ಅದನ್ನು ಕೇಳಿಕೊಳ್ಳಿ, ಕಿಟಕಿ ಇರುವ ಕೋಣೆಯೇ ಎಂದು ಕೇಳುವ ಮೊದಲು.

ಜನ ಮುತ್ತಿದ್ದರ ಬಗ್ಗೆ ಒಂದು ಮಾತು. ನಮ್ಮ ಊರುಗಳಲ್ಲಿ ಕಾಯಿಲೆ ಬಿದ್ದವರನ್ನು ‘ಮಾತಾಡಿಸಿಕೊಂಡು ಬರುವುದು’ ಒಂದು ಕರ್ತವ್ಯ. ಹೋಗದಿದ್ದರೆ ಜೀವಮಾನವಿಡೀ ಮಾತು ಕೇಳಬೇಕು. ಎಳನೀರು, ಬಿಸ್ಕೀಟು ಹಿಡಿದು ಆಸ್ಪತ್ರೆಯ ವಾರ್ಡಿಗೆ ಹದಿನೈದು ಜನ ಹೋಗುವುದು ನಮಗೆ ಅಕ್ಕರೆ, ನರ್ಸಿಗೆ ತಲೆನೋವು. ಹಾಗಾಗಿ ಆ ಐವತ್ತು ಜನರನ್ನು ಕುತೂಹಲದ ಗುಂಪು ಎಂದು ನಾವು ಬಯ್ಯುವುದಿಲ್ಲ. ಆದರೆ ಹಡಗಿನ ಓಣಿ ಅಂದರೆ ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಬೇಕು, ಅಷ್ಟೇ ಅಗಲ. ಅಲ್ಲಿ ಅಕ್ಕರೆ ತೋರಿಸುವ ದಾರಿ ಎಂದರೆ ಜಾಗ ಬಿಡುವುದು.

ನಿಜವಾಗಿ ನೆರವಾದವರು ಒಬ್ಬರೇ. ಗೋವೆಯ ವಾಸ್ಕೊದಿಂದ ನಮ್ಮೊಡನೆ ಬಂದಿದ್ದ ನಿವೃತ್ತ ಶಿಕ್ಷಕಿ. ಕುಸಿದವರಿಗೆ ಕನ್ನಡ, ಮರಾಠಿ ಬಿಟ್ಟು ಬೇರೆ ಬಾರದು. ನರ್ಸಿಗೆ ಇಂಗ್ಲಿಷ್ ಮಾತ್ರ. ಯಾವ ಮಾತ್ರೆ ನುಂಗುತ್ತೀರಿ, ಮೊದಲು ಎಂದಾದರೂ ಹೀಗಾಗಿತ್ತೇ, ಎಲ್ಲಿ ನೋವು ಎಂದು ವೈದ್ಯರು ಕೇಳಿದ್ದನ್ನೆಲ್ಲ ಈ ತಾಯಿ ಕನ್ನಡದಲ್ಲಿ ಕೇಳಿ ಇಂಗ್ಲಿಷಿನಲ್ಲಿ ಹೇಳಿದರು. ನಾಲ್ಕು ಭಾಷೆ ಬಲ್ಲ ಗಡಿಯವರಿಗೆ ಇದಕ್ಕಿಂತ ದೊಡ್ಡ ಉಪಯೋಗ ಇನ್ನೇನು? ಹೊರಗೆ ಬಂದಾಗ ಎಲ್ಲರೂ ಅವರನ್ನು ಮುತ್ತಿದೆವು: “ಏನಂತ್ರಿ ಅಕ್ಕಾರೆ, ಹಾರ್ಟೇನ್ರಿ?” ಅವರು, “ಡಾಕ್ಟರು ನೋಡ್ಕೋತಿದಾರೆ, ಊಟಕ್ಕೆ ನಡೀರಿ” ಎಂದರು. ಇಂದಿನವರೆಗೂ ನಮಗೆ ಬೇರೇನೂ ಹೇಳಿಲ್ಲ. ಒತ್ತಾಯಿಸಿ ಕೇಳಿದವರಲ್ಲಿ ನಾವೂ ಒಬ್ಬರು.

ಹಾಗಾದರೆ ಮೊಬೈಲನ್ನು ಹೊರಗೆ ತೆಗೆಯಲೇಬಾರದೇ ಎಂದು ಸಮಿತಿಯಲ್ಲಿ ಕಿರಿಯ ಸದಸ್ಯರು ಕೇಳಿದರು. ನ್ಯಾಯವಾದ ಪ್ರಶ್ನೆ. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಹಡಗನ್ನು ಕೊರೋನಾ ಕಾರಣಕ್ಕೆ ತಡೆದು ನಿಲ್ಲಿಸಿದ್ದು ನೆನಪಿರಬಹುದು. 3,711 ಜನರಿದ್ದರು, 712 ಮಂದಿಗೆ ಸೋಂಕು ತಗುಲಿತು. ಭಾರತೀಯರು 138, ಅವರಲ್ಲಿ 132 ಮಂದಿ ಹಡಗಿನ ಸಿಬ್ಬಂದಿ. ಅವರಲ್ಲಿ ಕೆಲವರು ತಮ್ಮ ಮುಖವನ್ನೇ ತೋರಿಸಿ, ನಮ್ಮನ್ನು ಕರೆಸಿಕೊಳ್ಳಿ ಎಂದು ವಿಡಿಯೊ ಮಾಡಿ ಕಳಿಸಿದರು. ದೇಶವೆಲ್ಲ ನೋಡಿತು. ಫೆಬ್ರುವರಿ 27ರಂದು ಏರ್ ಇಂಡಿಯಾ ವಿಮಾನ 119 ಭಾರತೀಯರನ್ನು ದೆಹಲಿಗೆ ಕರೆತಂದಿತು. ಅದೇ ವರ್ಷ ಮಾರ್ಚ್‌ನಲ್ಲಿ ತಲಪಾಡಿಯ ಗಡಿ ಮುಚ್ಚಿ, ಗಡಿ ರಸ್ತೆಗಳಿಗೆ ಮಣ್ಣು ಸುರಿದು, ಕಾಸರಗೋಡಿನ ರೋಗಿಗಳು ಮಂಗಳೂರಿನ ಆಸ್ಪತ್ರೆ ಸೇರಲಾಗದೆ ಒದ್ದಾಡಿದ್ದನ್ನು ನಮ್ಮ ಅಲ್ಲಿನ ಸದಸ್ಯರು ಮರೆಯುವಂತಿಲ್ಲ. ಆ ಮಣ್ಣಿನ ರಾಶಿಯ ಚಿತ್ರಗಳು ಬೇಕಾಗಿದ್ದವು, ತೆಗೆದವರು ಒಳ್ಳೆಯ ಕೆಲಸ ಮಾಡಿದರು.

ತನ್ನ ಕಷ್ಟವನ್ನು ತಾನೇ ತೋರಿಸುವುದು ಬೇರೆ, ಮುಚ್ಚಿದ ದಾರಿಯನ್ನು ತೋರಿಸುವುದು ಬೇರೆ. ಪ್ರಜ್ಞೆ ತಪ್ಪಿ ಬಿದ್ದವರ ಪಂಚೆ ಸರಿದದ್ದನ್ನು ತೋರಿಸುವುದು ಇವೆರಡರಲ್ಲಿ ಯಾವುದೂ ಅಲ್ಲ. ಅವರು ಬೇಡ ಎನ್ನುವ ಸ್ಥಿತಿಯಲ್ಲೂ ಇರಲಿಲ್ಲ.

ಸಂಖ್ಯೆ ಹೇಳಬಹುದು, ಹೆಸರು ಹೇಳಬೇಕಿಲ್ಲ ಎಂಬುದಕ್ಕೂ ಹಡಗಿನದೇ ಉದಾಹರಣೆಗಳಿವೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದವರು, ತಮ್ಮ ವ್ಯಾಪ್ತಿಯ ಹಡಗಿನಲ್ಲಿ ಶೇಕಡಾ 3 ಅಥವಾ ಹೆಚ್ಚು ಪ್ರಯಾಣಿಕರಿಗೋ ಸಿಬ್ಬಂದಿಗೋ ವಾಂತಿಭೇದಿಯಾದರೆ ಹಡಗಿನ ಹೆಸರು, ತಾರೀಖು, ಸಂಖ್ಯೆ ಎಲ್ಲವನ್ನೂ ಪ್ರಕಟಿಸುತ್ತಾರೆ. ರೋಗಿಗಳ ಹೆಸರು ಮಾತ್ರ ಇರುವುದಿಲ್ಲ. 2022ರ ಜನವರಿಯಲ್ಲಿ ಮುಂಬಯಿಯಿಂದ ಮರ್ಮಗೋವಾ ಬಂದರಿಗೆ ಬಂದ ಹಡಗಿನಲ್ಲಿ ಸುಮಾರು ಎರಡು ಸಾವಿರ ಜನರ ಪರೀಕ್ಷೆ ಮಾಡಿ 66 ಮಂದಿಗೆ ಕೊರೋನಾ ಎಂದು ಗೋವಾ ಸರ್ಕಾರ ತಿಳಿಸಿತು. ಬಂದರಿನ ಬಳಿ ವಾಸಿಸುವ ನಮ್ಮ ವಾಸ್ಕೊ ಕನ್ನಡಿಗರಿಗೆ ಆ ಸಂಖ್ಯೆ ತಿಳಿಯುವುದು ಅಗತ್ಯವಾಗಿತ್ತು. ಅರವತ್ತಾರು ಹೆಸರುಗಳು ತಿಳಿದು ಏನಾಗಬೇಕಿತ್ತು? ಇದಕ್ಕೆ ವಿರುದ್ಧವಾಗಿ 2020ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಮನೆಯಲ್ಲೇ ಕ್ವಾರಂಟೈನ್ ಆದವರ ವಿಳಾಸಗಳ ಪಟ್ಟಿಯನ್ನು ಜಾಲತಾಣದಲ್ಲಿ ಹಾಕಿತು. ಉದ್ದೇಶ ಎಚ್ಚರಿಕೆಯೇ ಇರಬಹುದು, ಆದರೆ ಬಾಗಿಲಿಗೆ ಗುರುತು ಬಿದ್ದ ಮನೆಯವರನ್ನು ಊರು ಹೇಗೆ ನೋಡಿತೆಂದು ನಮಗೆಲ್ಲ ಗೊತ್ತು. ಮುಂದೆ ಅದೇ ವರ್ಷ ಡಿಸೆಂಬರ್‌ನಲ್ಲಿ, ಸಕ್ಷಮ ಅಧಿಕಾರಿಯ ನಿರ್ದಿಷ್ಟ ಆದೇಶವಿಲ್ಲದೆ ರೋಗಿಗಳ ಮನೆಗೆ ಭಿತ್ತಿಪತ್ರ ಅಂಟಿಸಕೂಡದೆಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ಕಾನೂನು ಏನೆನ್ನುತ್ತದೆ? ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ದಾವೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, ನಮ್ಮವರೇ. ವೈದ್ಯರು ರೋಗಿಯ ಗುಟ್ಟು ಬಿಡಬಾರದೆಂದು ಅವರ ವೃತ್ತಿ ನಿಯಮದಲ್ಲೇ ಇದೆ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ವ್ಯಕ್ತಿಯೊಬ್ಬ ತನ್ನ ಸ್ವಂತ ಅಥವಾ ಮನೆಯ ಉದ್ದೇಶಕ್ಕೆ ಬಳಸುವ ಮಾಹಿತಿಗೆ ಅನ್ವಯಿಸುವುದಿಲ್ಲ. ಗಡಿ ಊರುಗಳ ತುಂಬ ಹರಡಿರುವ ಸಂಘದ ಗುಂಪು ‘ಮನೆಯ ಉದ್ದೇಶ’ವೇ ಎಂದು ವಕೀಲರು ವಾದಿಸಲಿ. ಪೊಲೀಸರು ಬಂದು ತಡೆಯುವ ವಿಷಯ ಇದಲ್ಲ, ನಾವೇ ತಡೆದುಕೊಳ್ಳಬೇಕು.

ಹೆಲಿಕಾಪ್ಟರ್ ಬಂದಾಗಂತೂ ಇದು ಮರ್ಯಾದೆಯ ಪ್ರಶ್ನೆಯಷ್ಟೇ ಅಲ್ಲ. ಕರಾವಳಿ ರಕ್ಷಣಾ ಪಡೆಯವರು ಹಡಗಿನಿಂದ ರೋಗಿಯನ್ನು ಎತ್ತಿಕೊಂಡು ಹೋಗುವಾಗ ತೆರೆದ ಅಟ್ಟ ಖಾಲಿ ಮಾಡಿಸುತ್ತಾರೆ. ರೆಕ್ಕೆಯ ಗಾಳಿಗೆ ಟವೆಲು, ಟೋಪಿ, ಕುರ್ಚಿಯ ದಿಂಬು ಹಾರಿ ಯಂತ್ರಕ್ಕೆ ಸಿಕ್ಕರೆ ಅನಾಹುತ. ರಾತ್ರಿಯಲ್ಲಿ ಮೊಬೈಲಿನ ಫ್ಲ್ಯಾಶ್ ಪೈಲಟ್‌ನ ಕಣ್ಣು ಕುಕ್ಕುತ್ತದೆ. ಕೋಣೆಯಲ್ಲಿ ಕೂತಿರಿ ಎಂದರೆ ಕೂತಿರಬೇಕು. ಸಣ್ಣ ದೋಣಿಯಲ್ಲಿ ಹೋಗುವ ನಮ್ಮ ಕರಾವಳಿಯವರಿಗೆ ಒಂದು ಮಾತು: ಕರಾವಳಿ ರಕ್ಷಣಾ ಪಡೆಯ ಸಹಾಯವಾಣಿ 1554, ಬರೆದಿಟ್ಟುಕೊಳ್ಳಿ.

ನಮ್ಮವರಿಗೆ ಹೆಲಿಕಾಪ್ಟರ್ ಬೇಕಾಗಲಿಲ್ಲ. ಬಂದರಿನಲ್ಲಿ ಆಂಬುಲೆನ್ಸ್ ಕಾದಿತ್ತು. ಅವರನ್ನು ಮೊದಲು ಇಳಿಸುವ ತನಕ ಉಳಿದವರನ್ನು ಒಂದೂವರೆ ಗಂಟೆ ತಡೆದರು. “ನಾವೇನ್ ದುಡ್ಡ ಕೊಟ್ಟಿಲ್ಲೇನ್ರಿ, ಗೋವಾ ನೋಡೋದ್ ಯಾವಾಗ?” ಎಂದು ಗೊಣಗಿದವರಲ್ಲಿ ನಮ್ಮವರೂ ಇದ್ದರು. ಅವರ ಶ್ರೀಮತಿಯವರು ಎರಡು ಹೆಜ್ಜೆ ಹಿಂದೆಯೇ ಚೀಲ ಹಿಡಿದು ನಿಂತಿದ್ದರು, ಕೇಳಿಸಿಕೊಂಡರು. ಅಂದು ಸಂಜೆಯೊಳಗೆ ವಾಸ್ಕೊದ ಕನ್ನಡ ಬಳಗದವರು ಆಸ್ಪತ್ರೆಗೆ ಊಟ ತಂದರು. ವಾರ್ಡಿಗೆ ಒಬ್ಬರೇ ಹೋದರು, ಉಳಿದವರು ಗೇಟಿನ ಹೊರಗೆ ನಿಂತರು. ಫೋಟೊ ತೆಗೆಯಲಿಲ್ಲ, ಆದ್ದರಿಂದ ಹಾಕಲು ನಮ್ಮಲ್ಲೂ ಇಲ್ಲ.

ವಿಡಿಯೊ ತೆಗೆದ ಸದಸ್ಯರು ಆ ಮನೆಗೆ ಹೋಗಿ ಕ್ಷಮೆ ಕೇಳಿದ್ದಾರೆ. ನಾವೂ ಜೊತೆಗಿದ್ದೆವು. ಹಿರಿಯರು ಚಹಾ ಕುಡಿಸಿ ಕಳಿಸಿದರು. ಮಗಳು ಗುಂಪಿನಿಂದ ಹೊರಹೋದವರು ಇನ್ನೂ ಮರಳಿಲ್ಲ.

ಸಮಿತಿಯ ನಿರ್ಣಯಗಳು ಹೀಗಿವೆ. ಸಂಘದ ಗುಂಪಿನಲ್ಲಿ ಯಾರದೇ ಕಾಯಿಲೆಯ, ಅಪಘಾತದ ಚಿತ್ರ ಬಂದರೆ ಅಡ್ಮಿನ್ ಕೂಡಲೇ ಅಳಿಸುತ್ತಾರೆ, ಕೇಳುವುದಿಲ್ಲ. ಪ್ರವಾಸದಲ್ಲಿ ಏನಾದರೂ ಆದರೆ ಮನೆಗೆ ತಿಳಿಸುವ ಹೊಣೆ ತಂಡದ ಮುಖ್ಯಸ್ಥರೊಬ್ಬರದೇ, ಅವರ ವೈಫೈ ಖರ್ಚು ಸಂಘದ್ದು. ಮುಂದಿನ ಪ್ರವಾಸದ ಅರ್ಜಿಯಲ್ಲಿ ಎರಡು ಹೊಸ ಕಾಲಂ ಸೇರಿಸಿದ್ದೇವೆ: ತುರ್ತಿನಲ್ಲಿ ಯಾರಿಗೆ ತಿಳಿಸಬೇಕು, ಯಾರಿಗೆ ತಿಳಿಸಬಾರದು. ನುಂಗುವ ಮಾತ್ರೆಗಳ ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆಸಿ, ಅಂಟಿಸಿದ ಲಕೋಟೆಯಲ್ಲಿ ಕೊಡಿ. ಅದನ್ನು ವೈದ್ಯರಲ್ಲದೆ ಬೇರೆಯವರು ಒಡೆಯುವುದಿಲ್ಲ, ಕಾರ್ಯದರ್ಶಿಯೂ ಸೇರಿ. ಪ್ರಯಾಣ ವಿಮೆಯ ಪ್ರತಿ ಲಗತ್ತಿಸಿರಬೇಕು. ಕಾಲಂ ಖಾಲಿ ಬಿಟ್ಟ ಅರ್ಜಿಗಳನ್ನು ಹಿಂತಿರುಗಿಸಲಾಗುವುದು.

— ಕಾರ್ಯದರ್ಶಿ