ಬಾಡಿಗೆಯ ಪಾಟ್ ಎಷ್ಟು ದಿನ ನಮ್ಮದು?

ಹಾಡು ಕೇಳಲು ತಿಂಗಳು ತಿಂಗಳು ದುಡ್ಡು ಕಟ್ಟುವುದು ಈಗ ನಮ್ಮ ಮನೆಗಳಲ್ಲೂ ಮಾಮೂಲು. ಜಾಹೀರಾತಿನ ಕಾಟವಿಲ್ಲ, ಬೇಕೆಂದ ಹಾಡು ಬೇಕೆಂದಾಗ ಸಿಗುತ್ತದೆ. ಈ ಅನುಕೂಲವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ನಾವು ಕಟ್ಟುತ್ತಿರುವುದು ಬಾಡಿಗೆ. ತಿಂಗಳಿಗೆ ನೂರು ರೂಪಾಯಿ ಎಂದಿಟ್ಟುಕೊಂಡರೂ ಹತ್ತು ವರ್ಷಕ್ಕೆ 12,000 ರೂಪಾಯಿ ಆಯಿತು. ಕಟ್ಟುವುದನ್ನು ನಿಲ್ಲಿಸಿದ ದಿನ ಕೈಯಲ್ಲಿ ಒಂದು ಹಾಡೂ ಉಳಿಯುವುದಿಲ್ಲ. ಡೌನ್‌ಲೋಡ್ ಮಾಡಿಟ್ಟ ಹಾಡುಗಳಿಗೂ ಆಪ್‌ನ ಒಳಗೇ ಬೀಗ. ಪೆನ್‌ಡ್ರೈವ್‌ಗೆ ಹಾಕಿ ಗಲ್ಫ್‌ನಲ್ಲಿರುವ ಅಣ್ಣನಿಗೆ ಕೊಡಲು ಬರುವುದಿಲ್ಲ.

ಬಾಡಿಗೆ ತಪ್ಪದೆ ಕಟ್ಟಿದರೂ ಭರವಸೆ ಇಲ್ಲ. 2023ರ ಮಾರ್ಚ್‌ನಲ್ಲಿ ಒಪ್ಪಂದದ ಅವಧಿ ಮುಗಿದದ್ದರಿಂದ ಝೀ ಮ್ಯೂಸಿಕ್‌ನ ಹಾಡುಗಳು ಸ್ಪಾಟಿಫೈಯಿಂದ ಹೊರಬಿದ್ದವು. ದುಡ್ಡು ಕಟ್ಟಿದವರಿಗೂ ಸಿಗಲಿಲ್ಲ. ರೆಸ್ಸೋ 2024ರ ಜನವರಿಯಲ್ಲಿ ಭಾರತದಲ್ಲಿ ಬಾಗಿಲು ಮುಚ್ಚಿತು. ಅದೇ ವರ್ಷ ಏರ್‌ಟೆಲ್ ತನ್ನ ವಿಂಕ್ ಮ್ಯೂಸಿಕನ್ನು ನಿಲ್ಲಿಸುವುದಾಗಿ ಹೇಳಿತು. ಹಿಂದಿ ಸಿನಿಮಾ ಹಾಡಾದರೆ ಚಿಂತೆಯಿಲ್ಲ, ಇನ್ನೊಂದು ಕಡೆ ಸಿಕ್ಕೀತು. ನಮ್ಮ ಪಾಟ್‌ಗಳ ಗತಿ ಏನು?

ದೊಡ್ಡ ಆಪ್‌ಗಳಲ್ಲಿ ಭಾಷೆ ಆರಿಸುವ ಪಟ್ಟಿ ನೋಡಿ. ಹಿಂದಿ, ಪಂಜಾಬಿ, ತಮಿಳು, ಮಲಯಾಳಂ, ಕನ್ನಡ ಇವೆ. ಬ್ಯಾರಿ ಇಲ್ಲ. ಕೇಳುವವರು ಹೆಚ್ಚಿದ್ದ ಕಡೆಗೇ ದುಡ್ಡು ಹರಿಯುವುದು ಇದರ ಲೆಕ್ಕಾಚಾರ. ಎಲ್ಲರ ಚಂದಾ ಒಂದು ರಾಶಿಗೆ ಬೀಳುತ್ತದೆ, ಒಟ್ಟು ಎಷ್ಟು ಬಾರಿ ಕೇಳಿದರು ಎಂಬುದರ ಮೇಲೆ ಪಾಲಾಗುತ್ತದೆ. ಉಪ್ಪಳದ ಒಂದು ಮನೆಯವರು ತಿಂಗಳಿಡೀ ಬ್ಯಾರಿ ಹಾಡನ್ನೇ ಕೇಳಿದರೂ ಅವರ ದುಡ್ಡಿನ ಹೆಚ್ಚಿನ ಪಾಲು ಎಲ್ಲೋ ಇರುವ ದೊಡ್ಡ ತಾರೆಗಳಿಗೆ ಹೋಗುತ್ತದೆ. 2024ರಿಂದ ಸ್ಪಾಟಿಫೈಯಲ್ಲಿ ಇನ್ನೊಂದು ನಿಯಮವೂ ಬಂದಿದೆ: ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಬಾರಿ ಕೇಳದ ಹಾಡಿಗೆ ಗೌರವಧನವೇ ಇಲ್ಲ. ಸಣ್ಣ ಭಾಷೆಯ ಹೊಸ ಹಾಡುಗಾರನಿಗೆ ಈ ಸಾವಿರವೂ ಸಣ್ಣ ಸಂಖ್ಯೆಯಲ್ಲ.

ಕ್ಯಾಸೆಟ್ ಕಾಲ ಸ್ವರ್ಗವಾಗಿತ್ತು ಎಂದು ಹೇಳುತ್ತಿಲ್ಲ. ಕಳ್ಳ ಕಾಪಿಗಳು ಧಾರಾಳವಾಗಿದ್ದವು, ಹಾಡಿದವರಿಗೆ ಸಿಕ್ಕಿದ್ದು ಅಷ್ಟಕ್ಕಷ್ಟೆ. ಆದರೆ ಕ್ಯಾಸೆಟ್ ಮನೆಯ ಕಪಾಟಿನಲ್ಲಿ ಇರುತ್ತಿತ್ತು. ಎಸ್.ಎ. ಜಮೀಲ್ ಅವರ ದುಬೈ ಕತ್ತ್ ಪಾಟ್ ಕೈಯಿಂದ ಕೈಗೆ ದಾಟಿ ಗಲ್ಫ್ ಮನೆಗಳನ್ನೆಲ್ಲ ತಲುಪಿದ್ದು ಹಾಗೆಯೇ. ಮದುವೆ ಮನೆಯಲ್ಲಿ ಹೆಂಗಸರು ಹಾಡಿದ ಮೊಯಿಲಾಂಜಿ ಪಾಟ್‌ಗಳನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟ ಮನೆಗಳೂ ಇವೆ. ಆ ಧ್ವನಿಗಳು ಯಾವ ಆಪ್‌ನಲ್ಲೂ ಇಲ್ಲ. ಆಪ್ ಬಂದ ಮೇಲೆ ಟೇಪ್ ರೆಕಾರ್ಡರ್ ಗುಜರಿಗೆ ಹೋಯಿತು, ಕ್ಯಾಸೆಟ್‌ಗೆ ಬೂಷ್ಟು ಹಿಡಿಯಿತು. ಚಂದಾದ ನಿಜವಾದ ನಷ್ಟ ನನ್ನ ಪ್ರಕಾರ ಇದು: ಎಲ್ಲ ಹಾಡೂ ಅಲ್ಲಿ ಇದೆ ಎಂಬ ನಂಬಿಕೆಯಲ್ಲಿ, ಅಲ್ಲಿ ಇಲ್ಲದ್ದನ್ನು ನಾವು ಮರೆಯುತ್ತೇವೆ.

ಚಂದಾ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಅದರ ಜೊತೆಗೆ ಮೂರು ಕೆಲಸ ಮಾಡೋಣ. ಕಪಾಟಿನ ಕ್ಯಾಸೆಟ್‌ಗಳು ಪೂರ್ತಿ ಹಾಳಾಗುವ ಮೊದಲು ಕಂಪ್ಯೂಟರಿಗೆ ಏರಿಸಿ, ಎರಡು ಕಡೆ ಪ್ರತಿ ಇಡೋಣ. ಹಾಡಿದವರ ಹೆಸರು, ಊರು, ಅಂದಾಜು ವರ್ಷ ಬರೆದಿಡೋಣ. ಎರಡನೆಯದು, ಮನೆಯ ಹೆಂಗಸರ ಧ್ವನಿಯನ್ನು ಅವರ ಒಪ್ಪಿಗೆ ಇಲ್ಲದೆ ಎಲ್ಲೂ ಹಾಕುವುದು ಬೇಡ. ಕುಟುಂಬದೊಳಗೆ ಉಳಿದರೂ ಸಾಕು, ಉಳಿಯಬೇಕು ಅಷ್ಟೆ. ಮೂರನೆಯದು, ನಮ್ಮ ಹಾಡುಗಾರರನ್ನು ಮದುವೆಗೋ ಕಾರ್ಯಕ್ರಮಕ್ಕೋ ಕರೆದಾಗ ಸರಿಯಾದ ಸಂಭಾವನೆ ಕೊಡೋಣ. ಅದು ನೇರವಾಗಿ ಅವರ ಕೈಗೇ ಸೇರುತ್ತದೆ.

ಉಮ್ಮ ಕಲಿತ ಪಾಟ್ ಮಗಳಿಗೆ ಬಂದದ್ದು ಅಡುಗೆಮನೆಯಲ್ಲಿ ಕೇಳಿ ಕೇಳಿ. ಮೊಮ್ಮಗಳಿಗೂ ಅದು ಸಿಗಬೇಕಾದರೆ ಮನೆಯಲ್ಲಿ ಯಾರಾದರೂ ಒಬ್ಬರು ಈ ರಜೆಯಲ್ಲಿ ಆ ಕ್ಯಾಸೆಟ್ ಪೆಟ್ಟಿಗೆಯನ್ನು ಕೆಳಗಿಳಿಸಬೇಕು.