ಯಾರ ಪೈಕಿ?

ಹಾವೇರಿಯ ಬಸ್ ನಿಲ್ದಾಣದಲ್ಲಿ ಪಕ್ಕ ಕುಳಿತವರು ಮಾತಿಗೆಳೆದರೆ ಮೊದಲು ಊರು ಕೇಳುತ್ತಾರೆ, ಆಮೇಲೆ ಹೆಸರು. ಹೆಸರು ಹೇಳಿದರೆ ಸಾಲದು. ‘ಅಡ್ಡಹೆಸರು ಏನ್ರಿ?’ ಅದಕ್ಕೂ ಸಮಾಧಾನವಾಗದಿದ್ದರೆ ‘ಯಾರ ಪೈಕಿ?’ ಬೇಕಾಗಿರುವುದು ಜಾತಿ. ನೇರ ಕೇಳಲು ಸಂಕೋಚ, ಹಾಗಾಗಿ ಈ ಬಳಸುದಾರಿ. ಅಡ್ಡಹೆಸರು ಸಿಕ್ಕರೆ ಮನುಷ್ಯನ ಜಾತಕವೇ ಸಿಕ್ಕಿತು ಎಂಬ ನಂಬಿಕೆ ನಮ್ಮ ಕಡೆ ಬಲು ಗಟ್ಟಿ. ಅದು ಎಷ್ಟು ಪೊಳ್ಳೆಂದು ತಿಳಿಯಲು ದೂರ ಹೋಗಬೇಕಿಲ್ಲ, ಇದೇ ಜಿಲ್ಲೆಯ ಹೆಸರುಗಳನ್ನು ಒಂದಿಷ್ಟು ತಡವಿದರೆ ಸಾಕು.

ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದು ಸವಣೂರಿನಲ್ಲಿ. ಗೋಕಾಕ ಇರುವುದು ಬೆಳಗಾವಿ ಜಿಲ್ಲೆಯಲ್ಲಿ. ಕವಿ ಸು.ರಂ. ಎಕ್ಕುಂಡಿ ಹುಟ್ಟಿದ್ದು ರಾಣೇಬೆನ್ನೂರಿನಲ್ಲಿ. ಸ್ವಾತಂತ್ರ್ಯ ಹೋರಾಟಗಾರ ಗುದ್ಲೆಪ್ಪ ಹಳ್ಳಿಕೇರಿಯವರದು ಹೊಸರಿತ್ತಿ. ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಂದಿಗೆ ನಡೆದ ಮೈಲಾರ ಮಹಾದೇವಪ್ಪ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನವರು. ಮೈಲಾರವೋ ತುಂಗಭದ್ರೆಯ ಆಚೆ ದಡದಲ್ಲಿದೆ. ಒಬ್ಬರ ಅಡ್ಡಹೆಸರೂ ಹುಟ್ಟಿದೂರಿನದಲ್ಲ.

ಯೋಚಿಸಿದರೆ ಇದರಲ್ಲಿ ಸೋಜಿಗವೇನಿಲ್ಲ. ಬ್ಯಾಡಗಿಯಲ್ಲಿ ಇರುವವರೆಲ್ಲ ಬ್ಯಾಡಗಿಯವರೇ ಆದಾಗ ಯಾರನ್ನಾದರೂ ‘ಬ್ಯಾಡಗಿ’ ಎಂದು ಕರೆದು ಪ್ರಯೋಜನವೇನು? ಅವನು ಹುಬ್ಬಳ್ಳಿಗೋ ಗದುಗಿಗೋ ಹೋಗಿ ಅಂಗಡಿ ಹಾಕಿದಾಗ ಅಲ್ಲಿನವರು ‘ಬ್ಯಾಡಗಿಯವ’ ಎನ್ನುತ್ತಾರೆ. ಅವನ ಮಕ್ಕಳು ಬ್ಯಾಡಗಿಯ ಮುಖ ನೋಡದಿದ್ದರೂ ಶಾಲೆಯ ಹಾಜರಿಯಲ್ಲಿ ಬ್ಯಾಡಗಿಯೇ. ಊರ ಹೆಸರಿನ ಅಡ್ಡಹೆಸರು ಹೇಳುವುದು ಬಿಟ್ಟುಬಂದ ಊರನ್ನು. ಬರಗಾಲವೋ, ವ್ಯಾಪಾರವೋ, ದಾಯಾದಿ ಜಗಳವೋ, ಏಕೆ ಬಿಟ್ಟರೆಂಬುದನ್ನು ಮಾತ್ರ ಹೇಳುವುದಿಲ್ಲ. ಈ ಬಗೆಯ ಹೆಸರುಗಳನ್ನು ಹಿಂದೂಗಳೂ ಮುಸಲ್ಮಾನರೂ ಸಮನಾಗಿ ಹೊತ್ತಿದ್ದಾರೆ. ‘ಹಾವೇರಿ’ ಎಂದಷ್ಟೇ ಕೇಳಿ ಗುಡಿಯೋ ಮಸೀದಿಯೋ ಎಂದು ಊಹಿಸಹೊರಟವರು ಮೋಸಹೋಗುತ್ತಾರೆ. ಹೋಗಲಿ ಎಂದೇ ನನ್ನ ಆಸೆ.

ಮೆಣಸಿನಕಾಯಿಗೂ ಇದೇ ನ್ಯಾಯ. 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯನ್ನು ಬೆಳೆಯುವುದು ಬ್ಯಾಡಗಿಯಲ್ಲಷ್ಟೇ ಅಲ್ಲ. ಧಾರವಾಡ, ಗದಗ ಜಿಲ್ಲೆಗಳ ಎರೆಭೂಮಿಯಲ್ಲೂ ಬೆಳೆಯುತ್ತಾರೆ. ಮಾರಾಟವಾಗುವ ಪೇಟೆ ಕೊಟ್ಟ ಹೆಸರು ಅದು. ಊರ ಹೆಸರು ಕಾಯಿಗೆ ಅಂಟಿದರೆ, ಕಾಯಿಯ ಹೆಸರು ಮನೆತನಕ್ಕೆ ಅಂಟಿದೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ಅಕ್ಕಿ, ಬೆಲ್ಲದ, ಉಪ್ಪಿನ: ನಮ್ಮ ಅಡ್ಡಹೆಸರುಗಳನ್ನು ಸಾಲಾಗಿ ಓದಿದರೆ ಕಿರಾಣಿ ಚೀಟಿಯಂತೆ ಕೇಳಿಸುತ್ತದೆ. ದಕ್ಷಿಣದ ಗೆಳೆಯರು ನಗುತ್ತಾರೆ, ನಗಲಿ. ಎಂದೋ ಒಬ್ಬ ಅಜ್ಜ ಬೆಲ್ಲ ಮಾರಿದ, ಸಂತೆಯ ಜನ ಗುರುತಿಗೆಂದು ಹಾಗೆ ಕರೆದರು. ಅವನ ಒಪ್ಪಿಗೆ ಯಾರು ಕೇಳಿದರು? ಮಾತಿನಲ್ಲಿ ಉಳಿದಿದ್ದರೆ ಆ ಹೆಸರು ಮೊಮ್ಮಗನ ಕಾಲಕ್ಕೆ ಬದಲಾಗುತ್ತಿತ್ತೇನೋ. ಕಂದಾಯದ ದಫ್ತರಕ್ಕೂ ಶಾಲೆಯ ಪಟ್ಟಿಗೂ ಏರಿದ ಮೇಲೆ ಅಲ್ಲೇ ಹೆಪ್ಪುಗಟ್ಟಿತು. ಇಂದು ಬೆಲ್ಲದ ಮನೆತನದಲ್ಲಿ ಸಕ್ಕರೆ ಕಾಯಿಲೆಯ ಡಾಕ್ಟರು ಇರಬಹುದು.

ಹುದ್ದೆಯ ಹೆಸರುಗಳ ಪಾಡೂ ಅಷ್ಟೆ. ಪಾಟೀಲ, ಕುಲಕರ್ಣಿ, ತಳವಾರ, ಓಲೇಕಾರ ಇವೆಲ್ಲ ಒಂದು ಕಾಲದ ಗ್ರಾಮಾಡಳಿತದ ಸಿಬ್ಬಂದಿ ಪಟ್ಟಿ: ಊರಿನ ಮುಖ್ಯಸ್ಥ, ಲೆಕ್ಕ ಬರೆಯುವವ, ಕಾವಲುಗಾರ, ಓಲೆ ಒಯ್ಯುವವ. ಮುಂಬಯಿ ಸರ್ಕಾರ 1950ರ ಕಾಯ್ದೆಯಿಂದ ಕುಲಕರ್ಣಿ ವತನ ರದ್ದುಮಾಡಿತು. ಉಳಿದ ಗ್ರಾಮಾಧಿಕಾರಗಳ ವಂಶಪಾರಂಪರ್ಯ ಹಕ್ಕು 1963ರಲ್ಲಿ ಹೋಯಿತು. ಕುರ್ಚಿ ಹೋಗಿ ಅರವತ್ತು ವರ್ಷ ದಾಟಿದರೂ ಹೆಸರು ಕುರ್ಚಿ ಬಿಟ್ಟಿಲ್ಲ. ಪಾಟೀಲರು ಲಿಂಗಾಯತರಲ್ಲಿದ್ದಾರೆ, ಜೈನರಲ್ಲಿದ್ದಾರೆ, ಮರಾಠರಲ್ಲಿ, ಮುಸಲ್ಮಾನರಲ್ಲೂ ಇದ್ದಾರೆ. ‘ಯಾರ ಪೈಕಿ’ ಎಂದವರಿಗೆ ಇಲ್ಲೂ ಉತ್ತರ ದಕ್ಕುವುದಿಲ್ಲ.

ಈಗ ಇಬ್ಬರು ಪುಟ್ಟಪ್ಪಂದಿರನ್ನು ನೋಡಿ. ಹಾವೇರಿ ತಾಲ್ಲೂಕಿನ ಕುರಬಗೊಂಡದಲ್ಲಿ ಹುಟ್ಟಿದ ಪಾಟೀಲ ಪುಟ್ಟಪ್ಪ ‘ಪಾಪು’ ಆದರು. ಮಲೆನಾಡಿನ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ‘ಕುವೆಂಪು’ ಆದರು. ತೊಟ್ಟಿಲ ಹೆಸರು ಒಂದೇ. ಒಬ್ಬರ ಹಿಂದೆ ಮನೆತನದ ಹುದ್ದೆ ನಿಂತಿದೆ, ಇನ್ನೊಬ್ಬರ ಹಿಂದೆ ಊರು ಮತ್ತು ತಂದೆ. ಒಬ್ಬರದು ಮುಂಬಯಿ ಪ್ರಾಂತ, ಇನ್ನೊಬ್ಬರದು ಮೈಸೂರು ಸಂಸ್ಥಾನ. ಆ ಗಡಿ ರಾಣೇಬೆನ್ನೂರಿಗೆ ಹತ್ತಿರದಲ್ಲೇ ಇತ್ತು. ಕುಮಾರಪಟ್ಟಣದಿಂದ ಸೇತುವೆ ದಾಟಿ ಹರಿಹರಕ್ಕೆ ಹೋದರೆ ಭಾಷೆ ಅದೇ, ದೇವರೂ ಅವೇ; ಹೆಸರಿನ ವ್ಯಾಕರಣ ಮಾತ್ರ ಬೇರೆ. ಈಚೆ ತನ್ನ ಹೆಸರು, ತಂದೆ ಹೆಸರು, ಅಡ್ಡಹೆಸರು. ಆಚೆ ಇನಿಷಿಯಲ್ಲುಗಳ ಬಾಲಕ್ಕೆ ತನ್ನ ಹೆಸರು. 1956ರಲ್ಲಿ ನಾಡು ಒಂದಾಯಿತು, ಹೆಸರುಗಳು ಆಗಲಿಲ್ಲ. ಪಾಸ್‌ಪೋರ್ಟಿನ ಅರ್ಜಿಯಲ್ಲಿ ಅಡ್ಡಹೆಸರಿನ ಕಲಂ ಮುಂದೆ ಪೆನ್ನು ಹಿಡಿದು ಕೂತ ಹರಿಹರದವರನ್ನು ಕಂಡವರಿಗೆ ನಾನು ಹೇಳುವುದು ಅರ್ಥವಾದೀತು.

ಅಡ್ಡಹೆಸರಿಗಿಂತ ಇಟ್ಟ ಹೆಸರು ನನಗೆ ಹೆಚ್ಚು ಪ್ರಿಯ. ಅದರಲ್ಲಿ ಯಾರದೋ ಆಸೆಯಿದೆ. ಮಾಲತೇಶ, ಗುಡ್ಡಪ್ಪ ಎಂದರೆ ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡಕ್ಕೆ ನಡೆದುಕೊಳ್ಳುವ ಮನೆ. ಕಾಂತೇಶ ಎಂದರೆ ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿಯ ಹನುಮಪ್ಪನ ಒಕ್ಕಲು. ತಿಪ್ಪವ್ವ, ತಿರಕಪ್ಪ ಎಂಬ ಹೆಸರುಗಳ ಹಿಂದೆ ಹೆಚ್ಚಾಗಿ ಸತ್ತ ಕೂಸುಗಳಿವೆ. ಇದೊಂದಾದರೂ ಉಳಿಯಲಿ, ಜವರಾಯನಿಗೆ ಇದು ಬೇಡವೆನಿಸಲಿ ಎಂದು ಬೇಕೆಂದೇ ತಿಪ್ಪೆಯ ಹೆಸರು, ತಿರುಕನ ಹೆಸರು ಇಟ್ಟರು. ಅಂಥ ಹೆಸರನ್ನು ಕೇಳಿ ನಗುವವರು ಆ ತಾಯಿಯನ್ನು ನೆನೆಯಲಿ. ಸಾಕವ್ವ ಎಂಬುದು ಇದಕ್ಕೆ ತದ್ವಿರುದ್ಧ: ಹೆಣ್ಣು ಸಾಕು ಎಂದು ದೇವರಿಗೆ ಕೊಟ್ಟ ಅರ್ಜಿ. ಅದನ್ನು ಬದುಕಿಡೀ ಹೊತ್ತವಳು ಆ ಕೂಸು. ಮದುವೆಯಾದರೆ ತಂದೆಯ ಹೆಸರಿನ ಜಾಗಕ್ಕೆ ಗಂಡ ಬಂದ, ಅಡ್ಡಹೆಸರೂ ಅವನದೇ; ಕೆಲವು ಮನೆಗಳಲ್ಲಿ ಇಟ್ಟ ಹೆಸರನ್ನೂ ಕಿತ್ತು ಬೇರೆ ಇಟ್ಟರು. ಹೆಸರೇ ಮನುಷ್ಯನ ಬೇರು ಎನ್ನುವವರು ಹೆಣ್ಣುಮಕ್ಕಳ ಬೇರಿನ ಲೆಕ್ಕ ಹೇಳಬೇಕು.

ಹಾಗೆಂದು ಹೆಸರನ್ನು ಬೇರೆಯವರ ಬಾಯಿಗೇ ಬಿಟ್ಟವರಷ್ಟೇ ಇಲ್ಲಿಲ್ಲ. ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿಯವರು ತುಂಗಭದ್ರೆಗೆ ವರದೆ ಕೂಡುವಲ್ಲಿನ ತಮ್ಮೂರಿನ ಹೆಸರಿನಲ್ಲೇ ಬರೆದರು. ಕನ್ನಡಿಗರಿಗೆ ಅವರು ಗಳಗನಾಥರು, ಕುಲಕರ್ಣಿಯ ನೆನಪು ಎಷ್ಟು ಜನಕ್ಕಿದೆ? ಅವರಿಗಿಂತ ಏಳೆಂಟು ನೂರು ವರ್ಷ ಮೊದಲು ಅದೇ ಹೊಳೆಯಲ್ಲಿ ದೋಣಿ ನಡೆಸಿದವನು ಇನ್ನೂ ಗಟ್ಟಿಗ. ಶರಣರಲ್ಲಿ ಬಹಳ ಮಂದಿ ವಚನದ ಕೊನೆಗೆ ಇಷ್ಟದೈವದ ಹೆಸರಿಟ್ಟರೆ, ಅವನು ತನ್ನ ಹೆಸರನ್ನೇ ಇಟ್ಟ, ಕಸುಬನ್ನೂ ಮುಂದೆ ಸೇರಿಸಿ: ಅಂಬಿಗರ ಚೌಡಯ್ಯ. ನಮ್ಮ ಜಿಲ್ಲೆಯ ಜನ ಊರಿನ ಹೆಸರು ಹೊತ್ತು ತಿರುಗಿದರೆ, ರಾಣೇಬೆನ್ನೂರು ತಾಲ್ಲೂಕಿನ ಒಂದು ಊರೇ ಆ ಅಂಬಿಗನ ಹೆಸರು ಹೊತ್ತು ಹೊಳೆದಂಡೆಯಲ್ಲಿ ಕೂತಿದೆ. ಅದು ಚೌಡಯ್ಯದಾನಪುರ.